ಸಣ್ಣ ಟ್ರ್ಯಾಕ್ಟರು ಕೊಳ್ಳುವ ಮುನ್ನ ನಾಲ್ಕು ಲೆಕ್ಕಗಳು



ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಕೊಂಬಿನ ಅಂದ ನೋಡಿ ಹಣ ಎಣಿಸುತ್ತಿರಲಿಲ್ಲ. ಹಲ್ಲು ನೋಡಿ, ಸುಳಿ ನೋಡಿ, ನೊಗಕ್ಕೆ ಕಟ್ಟಿ ನಡೆಸಿದ ಮೇಲೆಯೇ ವ್ಯಾಪಾರ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಟ್ರ್ಯಾಕ್ಟರನ್ನು ಮಾತ್ರ ಪಕ್ಕದ ಮನೆಗೆ ಬಂದಿತೆಂದು ತರುವವರಿದ್ದಾರೆ. ಮಳೆ ಕೈಕೊಟ್ಟ ವರ್ಷವೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಈ ಲೆಕ್ಕಗಳನ್ನು ಮಾಡಿರಿ.

೧. ಸಾಲಿನ ಅಗಲ: ಅಡಿಕೆ ತೋಟದಲ್ಲಿ ಸಾಮಾನ್ಯವಾಗಿ ಮರದಿಂದ ಮರಕ್ಕೆ ೯ ಅಡಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಬುಡದಿಂದ ಎರಡೂ ಕಡೆ ಎರಡೆರಡು ಅಡಿಯಾದರೂ ಬಿಟ್ಟರೆ ಉಳಿಯುವುದು ೫ ಅಡಿ. ನಡುವೆ ಬಾಳೆ ಅಥವಾ ಬಸಿಗಾಲುವೆ ಇದ್ದರೆ ಇನ್ನೂ ಕಡಿಮೆ. ಇಲ್ಲಿ ಮೂರು ನಾಲ್ಕು ಅಡಿ ಅಗಲದ ಯಂತ್ರವೇ ಸರಿ. ಸಾಲಿನ ತುದಿಯಲ್ಲಿ ತಿರುಗಲು ಜಾಗವಿದೆಯೇ ಎಂದೂ ಅಳೆಯಿರಿ.

೨. ಅತಿ ಭಾರದ ಕೆಲಸ: ಕಾಗದದಲ್ಲಿ ಬರೆದ ಅಶ್ವಶಕ್ತಿ ಇಂಜಿನಿನದು, ರೋಟವೇಟರನ್ನು ತಿರುಗಿಸುವ ಹಿಂದಿನ ದಂಡಕ್ಕೆ ಅದಕ್ಕಿಂತ ಕಡಿಮೆ ಬರುತ್ತದೆ. ೧೫ರಿಂದ ೨೦ ಅಶ್ವಶಕ್ತಿಯದು ಸುಮಾರು ೩ ಅಡಿ ರೋಟವೇಟರಿಗೆ, ಕಳೆ ತೆಗೆಯಲು, ಔಷಧಿ ಸಿಂಪಡಿಸಲು ಸಾಕು. ೪ ಅಡಿ ರೋಟವೇಟರಿಗೆ ೨೪ರಿಂದ ೩೦ ಇರಲಿ. ಗಟ್ಟಿ ಎರೆಮಣ್ಣನ್ನು ಆಳವಾಗಿ ಉಳುವುದು ಸಣ್ಣ ಯಂತ್ರದ ಕೆಲಸವಲ್ಲ. ವರ್ಷಕ್ಕೊಮ್ಮೆ ಬರುವ ಆ ಕೆಲಸಕ್ಕಾಗಿ ದೊಡ್ಡದನ್ನು ಕೊಳ್ಳದೆ ಬಾಡಿಗೆಗೆ ತನ್ನಿರಿ.

೩. ತೂಕ: ಸಣ್ಣ ಟ್ರ್ಯಾಕ್ಟರುಗಳಲ್ಲಿ ಅನೇಕವು ಒಂದು ಟನ್ನಿಗಿಂತ ಕಡಿಮೆ ತೂಗುತ್ತವೆ. ಒದ್ದೆ ನೆಲದ ಮೇಲೆ ಭಾರದ ಯಂತ್ರ ಓಡಾಡಿದರೆ ಕೆಳಮಣ್ಣು ಗಟ್ಟಿಯಾಗಿ, ನೀರು ಇಂಗದು, ಬೇರು ಇಳಿಯದು. ಹಗುರದ ಯಂತ್ರದಲ್ಲಿ ಈ ತೊಂದರೆ ಕಡಿಮೆ. ಆದರೆ ಅದಕ್ಕೆ ಹೊರೆ ತುಂಬಿದ ದೊಡ್ಡ ಟ್ರೇಲರ್ ಕಟ್ಟಿದರೆ ಇಳಿಜಾರಿನಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನು ತಳ್ಳುತ್ತದೆ, ಬ್ರೇಕು ಹಿಡಿಯುವುದಿಲ್ಲ. ಇದು ಜೀವಕ್ಕೆ ಅಪಾಯ. ಕಬ್ಬು, ಮರಳು ಸಾಗಿಸುವ ಆಸೆಯಿಂದ ಸಣ್ಣ ಯಂತ್ರ ಕೊಳ್ಳಬೇಡಿರಿ.

೪. ಕೆಲಸದ ಗಂಟೆಗಳು: ೩ ಅಡಿ ರೋಟವೇಟರ್ ಗಂಟೆಗೆ ೩ ಕಿಲೋಮೀಟರ್ ನಡೆದರೆ, ತಿರುಗುವ ಹೊತ್ತನ್ನು ಕಳೆದು, ಗಂಟೆಗೆ ಸುಮಾರು ೨೦ ಗುಂಟೆ ಮುಗಿಸುತ್ತದೆ. ಅಂದರೆ ಎಕರೆಗೆ ಎರಡು ಗಂಟೆ. ಐದು ಎಕರೆಯಲ್ಲಿ ಎರಡು ಬೆಳೆ, ಬೆಳೆಗೆ ಎರಡು ಸಲ ಹೊಡೆದರೆ ವರ್ಷಕ್ಕೆ ೪೦ ಗಂಟೆ. ಕಳೆ, ಸಿಂಪಡಣೆ, ಗೊಬ್ಬರ ಸಾಗಣೆಯ ಗಂಟೆಗಳನ್ನೂ ಇದಕ್ಕೆ ಕೂಡಿಸಿರಿ. ಬಳಿಕ ವರ್ಷದ ಕಂತು, ವಿಮೆ, ರಿಪೇರಿ ಎಲ್ಲವನ್ನೂ ಸೇರಿಸಿ ಆ ಗಂಟೆಗಳಿಂದ ಭಾಗಿಸಿರಿ. ಗಂಟೆಯ ಡೀಸೆಲ್ ಖರ್ಚನ್ನೂ ಕೂಡಿಸಿರಿ. ಬಂದ ಮೊತ್ತವು ಊರಿನ ಬಾಡಿಗೆ ದರಕ್ಕಿಂತ ಬಹಳ ಹೆಚ್ಚಿದ್ದರೆ ಸ್ವಂತ ಟ್ರ್ಯಾಕ್ಟರು ನಿಮಗೆ ಹೊರೆಯೇ.

"ಹದ ಬಂದಾಗ ಬಾಡಿಗೆ ಯಂತ್ರ ಸಿಗುವುದಿಲ್ಲವಲ್ಲ?" ಎಂದು ಕೇಳುತ್ತೀರಿ. ಮಾತು ನಿಜ. ಹದ ತಪ್ಪಿದ ಬಿತ್ತನೆಯ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಕ್ಕಪಕ್ಕದ ಮೂವರು ರೈತರು ಕೂಡಿ ಒಂದು ಸಣ್ಣ ಟ್ರ್ಯಾಕ್ಟರು ಕೊಂಡು, ಸರದಿಯನ್ನು ಮೊದಲೇ ಬರೆದಿಟ್ಟುಕೊಂಡರೆ ಗಂಟೆಗಳೂ ತುಂಬುತ್ತವೆ, ಹದವೂ ತಪ್ಪದು. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರಗಳನ್ನೂ ವಿಚಾರಿಸಿರಿ. ಸಹಾಯಧನದ ನಿಯಮಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಆದರೆ ಸಹಾಯಧನ ದೊರೆಯುವುದೆಂಬ ಒಂದೇ ಕಾರಣಕ್ಕೆ ಬೇಡದ ಅಳತೆಯ ಯಂತ್ರ ತರಬೇಡಿರಿ.

ಕೊನೆಯದಾಗಿ, ಮುಂಗಡ ಕೊಡುವ ಮೊದಲು ನಿಮ್ಮ ಹೊಲದಲ್ಲೇ, ನಿಮಗೆ ಬೇಕಾದ ಉಪಕರಣ ಕಟ್ಟಿಸಿ, ಅರ್ಧ ಎಕರೆ ಓಡಿಸಿ ತೋರಿಸಲು ಮಾರುವವರಿಗೆ ಹೇಳಿರಿ. ಬಿಡಿಭಾಗ ಮತ್ತು ಮೆಕ್ಯಾನಿಕ್ ಹತ್ತಿರದ ಪೇಟೆಯಲ್ಲಿ ಸಿಗುವರೇ ನೋಡಿರಿ. ಸಾಲು ಅಳೆಯಲು, ಗಂಟೆಗಳ ಲೆಕ್ಕ ಹಾಕಲು ಗ್ರಾಮಸೇವಕನಾದ ನನ್ನನ್ನು ಕರೆಯಿರಿ. ಟೇಪು ಹಿಡಿದು ಬರುತ್ತೇನೆ.