ನಮ್ಮ ಕೆರೆಯ ಮೀನು, ಕೈಗಾದ ಬಿಸಿನೀರು

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಮಾಮು ಗುತ್ತಿಗೆ ಹಿಡಿದಿದ್ದ ಕೆರೆಯ ಮೀನು ಒಂದೇ ರಾತ್ರಿಯಲ್ಲಿ ಸತ್ತವು. ತುರುವೇಕೆರೆಗೆ ಹತ್ತಿರದ ಒಂದು ಸಣ್ಣ ಕೆರೆ ಅದು. ಮಲ್ಲಾಘಟ್ಟದ ಕೆರೆಯಂತೆ ದೊಡ್ಡದಲ್ಲ, ಹೇಮಾವತಿ ನೀರೂ ಅದಕ್ಕೆ ಬರುವುದಿಲ್ಲ. ಬೇಸಿಗೆ ಕೊನೆಗೆ ಸೊಂಟದ ಮಟ್ಟ ನೀರು ಉಳಿದಿತ್ತು. ಫಜರ್ ನಮಾಝ್ ಮುಗಿಸಿ ಮಾಮು ಏರಿ ಮೇಲೆ ಹೋದಾಗ ಕಾಟ್ಲಾ, ರೋಹು ಎಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವಂತೆ. ಇನ್ನೊಂದು ವಾರಕ್ಕೆ ಬಲೆ ಹಾಕಿಸಬೇಕೆಂದಿದ್ದರು. ಸತ್ತು ತೇಲಿದ ಮೀನನ್ನು ನಮ್ಮ ಮನೆಯಲ್ಲಿ ತಿನ್ನುವುದಿಲ್ಲ. ಬೇರೆಯವರಿಗೆ ಮಾರಲು ಮಾಮು ಒಪ್ಪಲಿಲ್ಲ. ಎರಡು ಟ್ರ್ಯಾಕ್ಟರ್ ಲೋಡ್ ಮೀನು ತೋಟದಲ್ಲಿ ತೆಂಗಿನ ಬುಡಕ್ಕೆ ಹೋಯಿತು. ಮೀನುಮರಿಗೆ ಮಾಡಿದ್ದ ಸಾಲ ಇನ್ನೂ ಇದೆ.

"ನೀರು ಕಾದು ಹೋಯ್ತು ಬೇಟಾ, ಅದಕ್ಕೇ ಸತ್ತವು" ಎಂದು ಮಾಮು ಹೇಳಿದರು. ಯಾರೋ ವಿಷ ಹಾಕಿದ್ದಾರೆ ಎಂದು ಊರಲ್ಲಿ ಮಾತಾಯಿತು. ನಾನು ಮಾಮು ಹೇಳಿದ್ದನ್ನೇ ನಂಬಿದ್ದೆ.

ಆಮೇಲೆ ದಸರಾ ರಜೆಯಲ್ಲಿ ಖಾಲಾ ಮನೆಗೆ ಹೋದೆ. ಖಾಲು ಕಾರವಾರ ತಾಲ್ಲೂಕಿನ ಮಲ್ಲಾಪುರದಲ್ಲಿ ಲಾರಿ ಓಡಿಸುತ್ತಾರೆ. ತಿಪಟೂರಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಯಲ್ಲಾಪುರದ ಮೇಲೆ ಘಟ್ಟ ಇಳಿಯುವ ಬಸ್ಸು. ಸುತ್ತ ಕಾಡು, ನಡುವೆ ಕಾಳಿ ನದಿ. ಕದ್ರಾದಲ್ಲಿ ಆ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನ ದಡದಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕ, ಒಟ್ಟು 880 ಮೆಗಾವ್ಯಾಟ್. ಮೊದಲ ಎರಡು ಘಟಕಗಳು 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು, ನಾಲ್ಕನೆಯದು 2011ರಲ್ಲಿ. ಶಿವರಾಮ ಕಾರಂತರು ವಿರೋಧಿಸಿದ್ದ ಯೋಜನೆ ಇದೇ ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ.

ಒಂದು ಸಂಜೆ ಖಾಲು ಎರಡು ಕೆಜಿ ಜಿಲೇಬಿ ಮೀನು ತಂದರು. ಹಿನ್ನೀರಿನದು ಎಂದರು. ಸ್ಥಾವರ ತನ್ನ ಬಿಸಿನೀರನ್ನು ಬಿಡುವುದೂ ಅದೇ ಹಿನ್ನೀರಿಗೆ. ನನಗೆ ತಲೆ ಕೆಟ್ಟಿತು. ಬಿಸಿಲಿಗೆ ಕಾದ ನಮ್ಮ ಕೆರೆಯಲ್ಲಿ ಮೀನು ಸತ್ತವು, ಹಗಲು ರಾತ್ರಿ ಬಿಸಿನೀರು ಬೀಳುವ ಜಲಾಶಯದಲ್ಲಿ ಮೀನು ಬದುಕಿವೆ. ಹಾಗಾದರೆ ಮಾಮು ಹೇಳಿದ್ದು ತಪ್ಪೇ? ಕಾಲೇಜಿಗೆ ವಾಪಸು ಬಂದ ಮೇಲೆ ಫಿಸಿಕ್ಸ್ ಸರ್ ಮತ್ತು ಬಯಾಲಜಿ ಮೇಡಂ ಇಬ್ಬರ ತಲೆ ತಿಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸ್ಥಾವರಕ್ಕೆ ಇಷ್ಟೊಂದು ನೀರು ಯಾಕೆ ಬೇಕು ಎಂಬುದು ಮೊದಲನೆಯದು. ಕಲ್ಲಿದ್ದಲಾಗಲಿ, ಯುರೇನಿಯಂ ಆಗಲಿ, ಕೆಲಸ ಒಂದೇ: ನೀರು ಕಾಯಿಸಿ ಉಗಿ ಮಾಡಿ ಟರ್ಬೈನ್ ತಿರುಗಿಸುವುದು. ತಿರುಗಿಸಿದ ಉಗಿಯನ್ನು ಮತ್ತೆ ನೀರು ಮಾಡಬೇಕಲ್ಲ, ಅದಕ್ಕೆ ಕಂಡೆನ್ಸರ್ ಬೇಕು. ಅದರ ಸಾವಿರಾರು ಕೊಳವೆಗಳೊಳಗೆ ತಣ್ಣೀರು ಹರಿಯುತ್ತಿರುತ್ತದೆ. ನಾವು ಓದುವ ಥರ್ಮೊಡೈನಾಮಿಕ್ಸ್‌ನ ಎರಡನೇ ನಿಯಮ ಇಲ್ಲಿ ಬಿಲ್ ಕೇಳುತ್ತದೆ. ಕೈಗಾದಂಥ ಸ್ಥಾವರದಲ್ಲಿ ಹುಟ್ಟಿದ ಶಾಖದಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಕರೆಂಟ್ ಆಗುತ್ತದೆ, ಉಳಿದದ್ದು ತಂಪು ಮಾಡುವ ನೀರಿಗೆ ಹೋಗುತ್ತದೆ. ಅಂದರೆ 880 ಮೆಗಾವ್ಯಾಟ್ ಕರೆಂಟಿಗೆ ಸುಮಾರು 2000 ಮೆಗಾವ್ಯಾಟ್ ಶಾಖ ಹೊರಗೆ. ಈ ಶಾಖದಿಂದ ನೀರು 8 ಡಿಗ್ರಿ ಮಾತ್ರ ಬಿಸಿಯಾಗಬೇಕು ಎಂದುಕೊಂಡು ನಾನು ಲೆಕ್ಕ ಹಾಕಿದೆ. ಸೆಕೆಂಡಿಗೆ ಸುಮಾರು 60,000 ಲೀಟರ್ ಬಂತು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ನೆನಪಿಸಿಕೊಳ್ಳಿ, ಸೆಕೆಂಡಿಗೆ ಹತ್ತು ಟ್ಯಾಂಕರ್! ಇದು ಸ್ಥಾವರದವರು ಕೊಟ್ಟ ಅಂಕಿಯಲ್ಲ, ನನ್ನ ನೋಟ್‌ಬುಕ್ಕಿನ ಲೆಕ್ಕ. ನೀವೂ ಹಾಕಿ ನೋಡಬಹುದು.

ರಾಯಚೂರಿನ ಶಕ್ತಿನಗರದಲ್ಲಿ ಈ ಶಾಖವನ್ನು ದೊಡ್ಡ ಕೂಲಿಂಗ್ ಟವರ್‌ಗಳು ಗಾಳಿಗೆ ಬಿಡುತ್ತವೆ. ಕೈಗಾದ ಈ ನಾಲ್ಕು ಘಟಕಗಳಿಗೆ ಮಾತ್ರ ಜಲಾಶಯವೇ ಟವರ್.

ಇನ್ನು ಮೀನಿನ ವಿಷಯ. ಮೀನು ತಣ್ಣನೆ ರಕ್ತದ ಪ್ರಾಣಿ, ನೀರಿನ ಶಾಖವೇ ಅದರ ಮೈ ಶಾಖ. ನೀರು ಬೆಚ್ಚಗಾದರೆ ಹಸಿವು ಹೆಚ್ಚು, ಓಡಾಟ ಹೆಚ್ಚು, ಬೆಳವಣಿಗೆಯೂ ಹೆಚ್ಚು. ಹತ್ತು ಡಿಗ್ರಿ ಏರಿದರೆ ಅದರ ಉಸಿರಾಟದ ಅಗತ್ಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅದೇ ಹೊತ್ತಿಗೆ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ 7.6 ಮಾತ್ರ. ಖರ್ಚು ಏರುತ್ತದೆ, ಸಂಬಳ ಇಳಿಯುತ್ತದೆ. ಆದರೂ ನಮ್ಮ ಕಾಟ್ಲಾ, ರೋಹು ಬೆಚ್ಚನೆ ನೀರಿನ ಮೀನುಗಳೇ, 30 ಡಿಗ್ರಿ ಅವಕ್ಕೆ ಹಿತ. ಜಿಲೇಬಿ ಇನ್ನೂ ಗಟ್ಟಿ ಜೀವ. ಬರಿ ಬಿಸಿಯೊಂದೇ ಮಾಮು ಕೆರೆಯ ಮೀನನ್ನು ಕೊಂದಿರಲಾರದು.

ಕೊಂದದ್ದು ರಾತ್ರಿ ಎಂದರು ಬಯಾಲಜಿ ಮೇಡಂ. ಬೇಸಿಗೆಯ ಕೆರೆ ಪಾಚಿಯಿಂದ ಹಸಿರಾಗಿರುತ್ತದೆ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ಕತ್ತಲಾದ ಮೇಲೆ ಅದೂ ಮೀನಿನ ಜೊತೆ ಕೂತು ಉಸಿರಾಡುತ್ತದೆ. ತಳದ ಕೆಸರಿನಲ್ಲಿ ಕೊಳೆಯುವ ಕಸವೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಗಾಳಿಯಿಲ್ಲದ ಸೆಕೆಯ ರಾತ್ರಿ, ಸೊಂಟದ ಮಟ್ಟ ನೀರು, ತುಂಬ ಮೀನು. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಆಮ್ಲಜನಕ ತಳ ಮುಟ್ಟುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಬೆಳಕಾಗುವ ಮೊದಲೇ ಸಾಯುತ್ತವೆ. ಮಾಮು ಹೇಳಿದ್ದು ಅರ್ಧ ಸರಿ ಇತ್ತು.

ಕದ್ರಾದ ಮೀನಿಗೆ ಇರುವ ಅನುಕೂಲ ಓಡಿಹೋಗಲು ಜಾಗ. ಬಿಸಿನೀರು ಹಗುರ, ಹಾಗಾಗಿ ಮೇಲ್ಪದರದಲ್ಲಿ ಹರಡಿ ಗಾಳಿಗೆ ತಣಿಯುತ್ತದೆ. ಕೆಳಗೆ ತಂಪು ಉಳಿದಿರುತ್ತದೆ. ಮೀನಿಗೆ ಒಂದು ಡಿಗ್ರಿಗಿಂತ ಕಡಿಮೆ ವ್ಯತ್ಯಾಸವೂ ತಿಳಿಯುತ್ತದೆ. ಬಿಸಿ ಹೆಚ್ಚಾದರೆ ಆಳಕ್ಕೋ ದೂರಕ್ಕೋ ಸರಿಯುತ್ತವೆ, ಹಿತವೆನಿಸಿದರೆ ಮರಳಿ ಬರುತ್ತವೆ. ಮಳೆಗಾಲದಲ್ಲಿ ಕಾಳಿ ನದಿಯ ಹೊಸ ನೀರು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ನಮ್ಮ ಕೆರೆಯ ಮೀನು ಎಲ್ಲಿಗೆ ಸರಿಯಬೇಕು?

ಚಳಿ ದೇಶಗಳಲ್ಲಿ ಈ ಬಿಸಿನೀರಿಗೆ ದೊಡ್ಡ ಬೆಲೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬ್ರೇಡ್‌ವುಡ್ ಅಣು ಸ್ಥಾವರದ ಕೂಲಿಂಗ್ ಸರೋವರದಲ್ಲಿ ಜನ ಗಾಳ ಹಾಕಿ ಮೀನು ಹಿಡಿಯುತ್ತಾರೆ. ಇಂಥ ಕಡೆ ಚಳಿಗಾಲದಲ್ಲಿ ಮೀನು ಬೆಚ್ಚನೆ ನೀರು ಬೀಳುವ ಬಾಯಿಗೆ ಬಂದು ಸೇರುತ್ತವೆ. ಉತ್ತರ ಕನ್ನಡದಲ್ಲಿ ಅಷ್ಟು ಚಳಿಯೆಲ್ಲಿ? ಹಾಗಾಗಿ ಅಲ್ಲಿನ ಲಾಭ ಇಲ್ಲಿ ಅಷ್ಟಿಲ್ಲ ಎಂದು ನನ್ನ ಅಂದಾಜು. ಆ ಲಾಭದಲ್ಲೂ ಒಂದು ಮೋಸ ಇದೆ. ಬಿಸಿಗೆ ಒಗ್ಗಿದ ಮೀನಿಗೆ ಸ್ಥಾವರ ಇದ್ದಕ್ಕಿದ್ದಂತೆ ನಿಂತರೆ ತಣ್ಣೀರೇ ಯಮ. ನ್ಯೂಜೆರ್ಸಿಯ ಆಯಿಸ್ಟರ್ ಕ್ರೀಕ್ ಸ್ಥಾವರವನ್ನು 1972ರ ಚಳಿಗಾಲದಲ್ಲಿ ನಿಲ್ಲಿಸಿದಾಗ ಹೀಗೆಯೇ ರಾಶಿ ರಾಶಿ ಮೀನು ಸತ್ತವು. ಕೈಗಾದಲ್ಲಿ ನಾಲ್ಕು ಘಟಕ ಇರುವುದರಿಂದ ಒಂದು ನಿಂತರೆ ಮಿಕ್ಕವು ಓಡುತ್ತಿರುತ್ತವೆ. ಅಲ್ಲಿನ ಮೊದಲ ಘಟಕವಂತೂ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತ್ತು.

ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಜಲಾಶಯದಿಂದ ನೀರು ಎಳೆಯುವ ಸ್ಥಾವರಗಳಲ್ಲಿ ದೊಡ್ಡ ಮೀನನ್ನು ಜಾಲರಿ ತಡೆಯುತ್ತದೆ. ಮೊಟ್ಟೆ, ಕಣ್ಣಿಗೆ ಕಾಣದಂಥ ಮರಿ, ಮರಿ ತಿನ್ನುವ ಸೂಕ್ಷ್ಮಜೀವಿಗಳು ನೀರಿನೊಟ್ಟಿಗೆ ಕಂಡೆನ್ಸರ್ ಒಳಗೆ ಹೋಗುತ್ತವೆ. ಅವು ಸತ್ತರೆ ಯಾವುದೂ ಹೊಟ್ಟೆ ಮೇಲೆ ಮಾಡಿ ತೇಲುವುದಿಲ್ಲ, ಯಾರಿಗೂ ಕಾಣುವುದಿಲ್ಲ. ನನಗೆ ಇದೇ ದೊಡ್ಡ ನಷ್ಟ ಅನಿಸುತ್ತದೆ. 1999ರ ಜೂನ್ 1ರ ನಂತರದ ಹೊಸ ಉಷ್ಣ ಸ್ಥಾವರಗಳು ನದಿ, ಕೆರೆ, ಜಲಾಶಯದ ನೀರು ಬಳಸುವುದಾದರೆ ಕೂಲಿಂಗ್ ಟವರ್ ಕಟ್ಟಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಕೈಗಾದಲ್ಲಿ ಬರುವ 5 ಮತ್ತು 6ನೇ ಘಟಕಗಳಿಗೂ ಟವರ್ ಯೋಜನೆ ಇದೆ.

ದಾದಿಗೆ ಇದ್ದದ್ದು ಬೇರೆ ಪ್ರಶ್ನೆ. ಖಾಲು ಮನೆಯಲ್ಲಿ ಮೀನು ತಿಂದೆ ಎಂದು ಹೇಳಿದ ದಿನದಿಂದ "ಆ ಅಣು ಮೀನು ಯಾಕೆ ತಿಂದೆ?" ಎಂದು ಬೈಯುತ್ತಲೇ ಇದ್ದಾರೆ. ಬಿಸಿ ಬೇರೆ, ವಿಕಿರಣ ಬೇರೆ ಎಂದು ಅವರಿಗೆ ಹೀಗೆ ಹೇಳಿದೆ. ರಿಯಾಕ್ಟರ್ ಒಳಗೆ ಸುತ್ತುವುದು ಭಾರಜಲ. ಅದು ತನ್ನ ಶಾಖವನ್ನು ಕೊಳವೆಯ ಗೋಡೆಯ ಮೂಲಕ ಇನ್ನೊಂದು ನೀರಿಗೆ ಕೊಟ್ಟು ಉಗಿ ಮಾಡುತ್ತದೆ. ಆ ಉಗಿಯನ್ನು ತಣಿಸುವುದು ಮೂರನೆಯ ನೀರು, ಜಲಾಶಯದ್ದು. ಮೂರು ನೀರೂ ಒಂದಕ್ಕೊಂದು ಸೇರುವುದಿಲ್ಲ. ಇದಲ್ಲದೆ ಸ್ಥಾವರದಿಂದ ಟ್ರಿಟಿಯಂನಂಥ ವಸ್ತು ಇರುವ ದ್ರವತ್ಯಾಜ್ಯವನ್ನು ನಿಗದಿತ ಮಿತಿಯೊಳಗೆ, ಬಹಳ ತೆಳುಮಾಡಿ ಬಿಡುತ್ತಾರೆ ಎಂಬುದೂ ನಿಜ, ಅದನ್ನು ಮುಚ್ಚಿಡಲಿಲ್ಲ. ಸಾರ್ವಜನಿಕರಿಗೆ ಇದರಿಂದ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದು ಎಂಬ ಮಿತಿ ಇದೆ. ಮಣ್ಣು, ಆಕಾಶದಿಂದ ಸಹಜವಾಗಿಯೇ ಮನುಷ್ಯನಿಗೆ ಬರುವುದು ಜಗತ್ತಿನ ಸರಾಸರಿಯಲ್ಲಿ 2.4. ಕೈಗಾದಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ, ಸುತ್ತಲಿನ ನೀರು, ಹಾಲು, ಅಕ್ಕಿ, ಮೀನು ಎಲ್ಲ ತಂದು ಅಳೆಯುತ್ತಾರೆ. ದಾದಿ ಪೂರ್ತಿ ಕೇಳಿಸಿಕೊಂಡು, "ಆದರೂ ನಾನು ತಿನ್ನಲ್ಲ" ಎಂದರು.

ಮಾಮು ಮಾತ್ರ ಆಮ್ಲಜನಕದ ಮಾತನ್ನು ಎರಡು ಸಲ ಕೇಳಿದರು. ಈ ಸಲ ಮೀನುಮರಿ ಕಡಿಮೆ ಬಿಟ್ಟಿದ್ದಾರೆ. ಫೆಬ್ರವರಿಯಲ್ಲೇ ಅರ್ಧ ಹಿಡಿಸಿ ಮಾರುವ ಯೋಚನೆ ಇದೆ. ಏರಿ ಪಕ್ಕದ ತೋಟದವರ ಹತ್ತಿರ ಮಾತಾಡಿ, ಏಪ್ರಿಲ್‌ನಿಂದ ರಾತ್ರಿ ಎರಡು ಗಂಟೆಗೆ ಮೋಟಾರ್ ಹಾಕಿ ಕೆರೆ ನೀರನ್ನೇ ಎತ್ತರದಿಂದ ಕೆರೆಗೆ ಚಿಮ್ಮಿಸುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ಆ ಹೊತ್ತಿಗೆ ಕರೆಂಟ್ ಇರುತ್ತದೋ ಇಲ್ಲವೋ ಎಂಬುದೊಂದೇ ಈಗ ಅವರ ಚಿಂತೆ.