ಕೆಜಿಎಫ್‌ನ ಕರಿಗಲ್ಲು ಮತ್ತು ನಿಕ್ಕಲ್

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕೂತವರ ಕಣ್ಣು ಮೊದಲು ಹೋಗುವುದು ಚಿನ್ನ ಬೇರ್ಪಡಿಸಿ ಸುರಿದ ಪುಡಿಯ ಸೈನೈಡ್ ಗುಡ್ಡಗಳ ಕಡೆಗೆ. 2001ರ ಫೆಬ್ರವರಿ 28ರಂದು ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಚಿನ್ನದ ಕಥೆ ಎಲ್ಲರಿಗೂ ಗೊತ್ತು. ಆ ಚಿನ್ನಕ್ಕೆ ಮನೆಯಾಗಿದ್ದ ಕರಿಗಲ್ಲಿನ ಕಥೆ ಕೇಳಿದವರು ಕಡಿಮೆ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಚಾಚಿರುವ ಕೋಲಾರದ ಈ ಕಿರಿದಾದ ಪಟ್ಟಿ ಸುಮಾರು 270 ಕೋಟಿ ವರ್ಷಗಳ ಹಿಂದೆ ಭೂಮಿಯ ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ನಿಂದ ಉಕ್ಕಿದ ಲಾವಾ. ಅದರಲ್ಲಿ ಒಂದು ಭಾಗ ಮೆಗ್ನೀಸಿಯಂ ತುಂಬಿದ, ಕೊಮಟೈಟ್ ಜಾತಿಯದು. ನಿಕ್ಕಲ್ ಹುಡುಕುವವರ ಕಿವಿ ನೆಟ್ಟಗಾಗುವುದು ಈ ಹೆಸರು ಕೇಳಿದಾಗ.

ಮ್ಯಾಂಟಲ್‌ನ ನಿಕ್ಕಲ್ ಬಹುಪಾಲು ಆಲಿವಿನ್ ಖನಿಜದಲ್ಲಿರುತ್ತದೆ; ಸ್ವಲ್ಪ ಗಂಧಕದ ಜೊತೆ ಸೇರಿರುತ್ತದೆ. ಹರಳುಗಟ್ಟಿದ ತುಪ್ಪಕ್ಕೆ ತುಸುವೇ ಬಿಸಿ ತಗುಲಿದರೆ ತಿಳಿಯಷ್ಟೇ ಬೇರ್ಪಟ್ಟು ಹರಳು ತಳದಲ್ಲೇ ಉಳಿಯುವ ಹಾಗೆ, ಮ್ಯಾಂಟಲ್ ಅಲ್ಪಸ್ವಲ್ಪ ಕರಗಿದರೆ ನಿಕ್ಕಲ್ ಹೆಚ್ಚಾಗಿ ಕೆಳಗೇ ಉಳಿಯುತ್ತದೆ. ತುಂಬ ಬಿಸಿಯಾಗಿ ಬಹಳಷ್ಟು ಕರಗಿದಾಗ ಆಲಿವಿನ್ನೂ ಗಂಧಕದ ಖನಿಜಗಳೂ ಶಿಲಾಪಾಕಕ್ಕೆ ಇಳಿಯುತ್ತವೆ. ಆದರೂ ಅದಿರು ಸಿದ್ಧವಾಗಲಿಲ್ಲ. ಮೇಲೆ ಬಂದ ಲಾವಾ ಹಾದಿಯಲ್ಲಿ ಗಂಧಕ ತುಂಬಿದ ಕಲ್ಲುಮಣ್ಣನ್ನು ಕರಗಿಸಿಕೊಂಡರೆ, ಹೆಚ್ಚಾದ ಗಂಧಕ ಹನಿಹನಿಯಾಗಿ ಬೇರ್ಪಟ್ಟು ನಿಕ್ಕಲನ್ನು ಸೆಳೆದುಕೊಂಡು ತಳಕ್ಕೆ ಕೂರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಹಿಂದೊಮ್ಮೆ ಚಿನ್ನ ತೆಗೆದು ಕೈಬಿಟ್ಟಿದ್ದ ಕಂಬಾಲ್ಡಾದಲ್ಲಿ, 1966ರಲ್ಲಿ ಸಿಕ್ಕಿದ್ದು ಇಂಥದೇ ಅದಿರು. ಅಲ್ಲಿನ ಲಾವಾಕ್ಕೂ ಹೆಚ್ಚುಕಡಿಮೆ ಕೋಲಾರದ್ದೇ ವಯಸ್ಸು!

ಹಾಗಾದರೆ ನಮ್ಮಲ್ಲಿ ನಿಕ್ಕಲ್ ಗಣಿ ಏಕೆ ಏಳಲಿಲ್ಲ? ವಯಸ್ಸು, ಕಲ್ಲಿನ ಜಾತಿ ಹೊಂದಿದರೆ ಸಾಲದು. ಕರಗಿದ್ದು ಎಂಥ ಮ್ಯಾಂಟಲ್, ಎಷ್ಟು ಕರಗಿತು ಎಂಬುದರಿಂದಲೇ ಲೆಕ್ಕ ಶುರುವಾಗಬೇಕು. ಭೂವಿಜ್ಞಾನಿಗಳಾದ ವಿ. ರಾಜಾಮಣಿ, ಎಸ್. ಬಾಲಕೃಷ್ಣನ್ ಮತ್ತು ಅವರ ಸಹವಿಜ್ಞಾನಿಗಳು ಇಲ್ಲಿ ಕಂಡದ್ದು ನನಗೆ ಚಿನ್ನಕ್ಕಿಂತ ದೊಡ್ಡ ಸಂಗತಿ. ಪಟ್ಟಿಯ ಪೂರ್ವದ ಶಿಲೆಗಳೂ ಪಶ್ಚಿಮದವೂ ಒಂದೇ ಮ್ಯಾಂಟಲ್‌ನ ಮಕ್ಕಳಲ್ಲ. ಎರಡೂ ಕಡೆಯ ವಿರಳಭಸ್ಮ ಧಾತುಗಳ ಪ್ರಮಾಣ ಬೇರೆ, ಸೀಸ-ನಿಯೋಡಿಮಿಯಂ ಐಸೊಟೋಪುಗಳ ಸಾಕ್ಷ್ಯ ಬೇರೆ. ಬೇರೆಬೇರೆ ಕಡೆ ಹುಟ್ಟಿದ ಭೂಚಿಪ್ಪಿನ ತುಣುಕುಗಳು ಬಂದು ಬೆಸೆದ ಗೆರೆಯೇ ಕೋಲಾರ ಎಂಬ ವಾದ 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಹಾಗಾಗಿ ಇಲ್ಲಿ ನಿಕ್ಕಲ್ ಹುಡುಕುವವರು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಲೆಕ್ಕ ಇಡಬೇಕು. ಅವರು ನೋಡಬೇಕಾದದ್ದು ಕಲ್ಲಿನಲ್ಲಿ ಇರುವ ನಿಕ್ಕಲನ್ನಷ್ಟೇ ಅಲ್ಲ, ಇರಬೇಕಾಗಿದ್ದು ಇಲ್ಲದ್ದನ್ನೂ. ಅಷ್ಟು ಮೆಗ್ನೀಸಿಯಂ ಇರುವ ಲಾವಾದಲ್ಲಿ ನಿಕ್ಕಲ್, ಅದರಂತೆಯೇ ಗಂಧಕದ ಹನಿಗಳಿಗೆ ಸೇರುವ ಪ್ಲಾಟಿನಂ ಎರಡೂ ಕಡಿಮೆಯಿದ್ದರೆ, ಅವನ್ನು ಗಂಧಕ ಆಸುಪಾಸಿನಲ್ಲೆಲ್ಲೋ ಇಳಿಸಿಕೊಂಡಿರುವ ಸಾಧ್ಯತೆಯಿದೆ; ಕೊರೆಯುವ ಯಂತ್ರ ಹೂಡಬೇಕಾದ್ದು ಅಂಥ ಕಡೆಯೇ.