ಮುದಿ ನಾಯಿಯ ಕೊನೆಯ ದಿನಗಳು: ಮನೆಯವರ ಹೊಣೆ ಏನು?

ಅರಳಗುಪ್ಪೆಯ ಸುತ್ತಮುತ್ತ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟ ಇರುವಲ್ಲಿ ನಾಯಿಯೂ ಇರುತ್ತದೆ. ಕಿತ್ತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ ರಾತ್ರಿ ಕಾವಲು ಅದರದೇ. ತೋಟ ಉಳ್ಳವರು, ಗುತ್ತಿಗೆಗೆ ಹಿಡಿದವರು, ಕಾಯಿ ವ್ಯಾಪಾರ ಮಾಡುವವರು, ಕುರಿ ಮೇಕೆ ಸಾಕಿದವರು ನಮ್ಮಲ್ಲೂ ಇದ್ದಾರೆ. ಹೀಗೆ ಹತ್ತು ಹನ್ನೆರಡು ವರ್ಷ ಕಾವಲು ಕಾದ ನಾಯಿ ಒಂದು ದಿನ ಏಳಲಾಗದೆ ಮಲಗಿದರೆ ಏನು ಮಾಡಬೇಕು? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ಉತ್ತರ ಗೊತ್ತಿಲ್ಲದ ಮನೆಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆಯುತ್ತದೆ. ಒಂದೋ ಆಟೋದಲ್ಲಿ ಹಾಕಿಕೊಂಡು ಹೋಗಿ ದೂರದ ಸಂತೆಮಾಳದಲ್ಲಿ ಬಿಟ್ಟು ಬರುತ್ತಾರೆ, ಇಲ್ಲವೇ ಅನ್ನದಲ್ಲಿ ವಿಷ ಇಡುತ್ತಾರೆ, ಅದೂ ಅಲ್ಲದಿದ್ದರೆ ತೋಟದ ಮೂಲೆಯಲ್ಲಿ ಕಟ್ಟಿ, ತಾನಾಗಿ ಸಾಯಲಿ ಎಂದು ಕಾಯುತ್ತಾರೆ. ಮೂರೂ ತಪ್ಪು.

ಮೊದಲು ಧರ್ಮದ ಮಾತು. ನಾಯಿ ಮನೆಯೊಳಗಿನ ಪ್ರಾಣಿಯಲ್ಲ ಎಂಬುದು ನಮಗೆ ಗೊತ್ತು. ಆದರೆ ಬೇಟೆಗೆ, ಹೊಲ ತೋಟದ ಕಾವಲಿಗೆ, ಜಾನುವಾರು ಕಾಯಲು ನಾಯಿ ಸಾಕುವುದಕ್ಕೆ ಅನುಮತಿ ಇರುವುದು ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಪಾಪ ಕ್ಷಮಿಸಲ್ಪಟ್ಟ ಪ್ರಸಂಗವನ್ನು ನಾವು ಜುಮಾ ಖುತ್ಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಅಬೂದಾವೂದ್ ಸಂಗ್ರಹದಲ್ಲಿ ಇನ್ನೊಂದು ಪ್ರಸಂಗವಿದೆ. ಪ್ರವಾದಿ(ಸ)ರು ಅನ್ಸಾರಿಯೊಬ್ಬರ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ಕಣ್ಣೀರು ಹಾಕಿತು. ಅದನ್ನು ನೇವರಿಸಿ ಸಮಾಧಾನಪಡಿಸಿದ ಪ್ರವಾದಿ(ಸ)ರು, ಹೊಟ್ಟೆಗಿಲ್ಲದೆ ದುಡಿಸುತ್ತಿದ್ದ ಒಡೆಯನಿಗೆ ಅಲ್ಲಾಹನ ಭಯವನ್ನು ನೆನಪಿಸಿದರು. ದುಡಿಸಿಕೊಂಡವನಿಗೆ ಹೊಣೆ ಇದೆ. ದುಡಿಮೆ ನಿಂತ ದಿನ ಆ ಹೊಣೆ ಮುಗಿಯುವುದಿಲ್ಲ.

ಈ ನಾಡಿನ ಹಿಂದಿನವರಿಗೂ ಇದು ತಿಳಿದಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಗಂಗರ ಕಾಲದ, 950ರ ಸುಮಾರಿನ ಶಾಸನ ಸಿಕ್ಕಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ರಾಜ ಬೂತುಗನಲ್ಲಿ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಆ ನಾಯಿ ಸತ್ತಾಗ ಅದರ ನೆನಪಿಗೆ ಕಲ್ಲು ನೆಡಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋರಾಡಿ ಸತ್ತ ನಾಯಿಗೆ ಕಲ್ಲು ನೆಟ್ಟ ನಾಡಿನಲ್ಲಿ, ಕಾವಲು ಕಾದು ಮುದಿಯಾದ ನಾಯಿಗೆ ನೆರಳು, ನೀರು, ಔಷಧವಾದರೂ ಸಿಗಬೇಡವೇ?

ಇನ್ನು ಮುಖ್ಯ ವಿಷಯ. ವಾಸಿಯಾಗದ ನೋವಿನಲ್ಲಿರುವ ನಾಯಿಗೆ ಪಶುವೈದ್ಯರಿಂದ ದಯಾಮರಣ ಕೊಡಿಸಬಹುದೇ? ಈ ಬಗ್ಗೆ ಉಲಮಾಗಳಲ್ಲಿ ಏಕಾಭಿಪ್ರಾಯವಿಲ್ಲ. ಶಾಫಿಈ ಮತ್ತು ಹಂಬಲಿ ಫಿಕ್ಹ್ ಗ್ರಂಥಗಳಲ್ಲಿ, ತಿನ್ನಬಾರದ ಪ್ರಾಣಿಯನ್ನು ನೋವಿನಿಂದ ಬಿಡಿಸಲೆಂದೂ ಕೊಲ್ಲಬಾರದು ಎಂಬ ಅಭಿಪ್ರಾಯವಿದೆ. ಗುಣವಾಗುವ ಆಸೆ ಇಲ್ಲದೆ, ಸಹಿಸಲಾಗದ ನೋವಿದ್ದರೆ, ಹಿಂಸೆಯಿಲ್ಲದ ವಿಧಾನದಲ್ಲಿ ಆಗಬಹುದು ಎಂದು ಇಂದಿನ ಹಲವು ಮುಫ್ತಿಗಳು ಹೇಳುತ್ತಾರೆ. ಎಲ್ಲದರಲ್ಲೂ ಇಹ್ಸಾನ್ ಇರಬೇಕು, ಪ್ರಾಣಿಯ ಜೀವ ತೆಗೆಯುವಾಗಲೂ ಅದಕ್ಕೆ ಹಿಂಸೆಯಾಗದಂತೆ ನೋಡಿಕೊಳ್ಳಬೇಕು ಎಂಬ ಆಶಯದ ಹದೀಸ್ ಮುಸ್ಲಿಂ ಸಂಗ್ರಹದಲ್ಲಿದೆ. ಆದ್ದರಿಂದ ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ. ಆದರೆ ಕೇಳಲು ಹೋಗುವ ಮುಂಚೆ ಪಶುವೈದ್ಯರಿಗೆ ತೋರಿಸಿರಬೇಕು. ಕಾಯಿಲೆ ಏನು, ವಾಸಿಯಾಗುತ್ತದೋ ಇಲ್ಲವೋ ಎಂಬುದು ಗೊತ್ತಿಲ್ಲದೆ ಯಾವ ಆಲಿಮರೂ ಸರಿಯಾದ ಉತ್ತರ ಕೊಡಲಾರರು.

ವೈದ್ಯರಿಗೆ ತೋರಿಸಿ ಎಂದು ಒತ್ತಿ ಹೇಳಲು ಕಾರಣವಿದೆ. 'ಇನ್ನು ಮುಗಿಯಿತು' ಎಂದು ನಮಗೆ ಕಾಣುವ ಎಷ್ಟೋ ಕಾಯಿಲೆಗಳು ವಾಸಿಯಾಗುವಂಥವು. ಮುದಿ ನಾಯಿ ಇದ್ದಕ್ಕಿದ್ದಂತೆ ತಲೆ ಓರೆ ಮಾಡಿ, ಕಣ್ಣುಗುಡ್ಡೆ ಅತ್ತಿತ್ತ ಆಡಿಸುತ್ತ, ತೂರಾಡಿ ಬಿದ್ದರೆ ಲಕ್ವ ಹೊಡೆಯಿತು ಎಂದುಕೊಳ್ಳುತ್ತೇವೆ. ಅದು ಒಳಕಿವಿಯ ಸಮತೋಲನ ತಪ್ಪಿದ್ದೂ ಆಗಿರಬಹುದು. ಹಾಗಿದ್ದರೆ ಬಹಳಷ್ಟು ನಾಯಿಗಳು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಹುಳ ಬಿದ್ದ ಗಾಯ ನೋಡಲು ಭೀಕರವಾದರೂ ಶುಚಿ ಮಾಡಿ ಔಷಧ ಹಾಕಿದರೆ ಮಾಯುತ್ತದೆ. ಉಣ್ಣೆ ಕಚ್ಚಿ ಬರುವ ಜ್ವರಕ್ಕೆ ಬೇಗ ತೋರಿಸಿದರೆ ಮಾತ್ರೆ ಇದೆ. ನಾಯಿಗಳಲ್ಲಿ ಒಂದರಿಂದ ಒಂದಕ್ಕೆ ಹರಡುವ ಜನನಾಂಗದ ಗೆಡ್ಡೆ ರಕ್ತ ಸೋರಿಸುತ್ತಿದ್ದರೂ ಕೆಲವು ವಾರಗಳ ಇಂಜೆಕ್ಷನ್‌ಗೆ ಕರಗುವುದೇ ಹೆಚ್ಚು. ಕೀಲುನೋವು ಪೂರ್ತಿ ಹೋಗದಿದ್ದರೂ ಔಷಧದಿಂದ ತಗ್ಗುತ್ತದೆ. ಆದರೆ ನಮ್ಮ ಮನೆಯ ನೋವಿನ ಮಾತ್ರೆಯನ್ನು ನಾಯಿಗೆ ಕೊಡಬಾರದು. ಐಬುಪ್ರೊಫೇನ್‌ನಂಥವು ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ.

ಒಂದು ಎಚ್ಚರಿಕೆ. ನಾಯಿಯ ಸ್ವಭಾವ ಏಕಾಏಕಿ ಬದಲಾಗಿ, ಜೊಲ್ಲು ಸುರಿಸುತ್ತ, ದವಡೆ ಜೋತು ಬಿದ್ದು, ನೀರು ನುಂಗಲಾಗದೆ ಇದ್ದರೆ ಅದು ಮುಪ್ಪಲ್ಲ, ಹುಚ್ಚುನಾಯಿ ರೋಗ ಇರಬಹುದು. ಮಕ್ಕಳನ್ನು ದೂರವಿಟ್ಟು, ಬಾಯಿಗೆ ಕೈ ಹಾಕದೆ, ತಕ್ಷಣ ಪಶುವೈದ್ಯರಿಗೆ ತಿಳಿಸಿ. ಕಚ್ಚಿದ್ದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯಿಂದ ಫಲವಿಲ್ಲ ಎಂದು ವೈದ್ಯರು ಹೇಳಿದ ಮೇಲೂ 'ಯಾವಾಗ' ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೊಬೊಸ್ 2004ರಲ್ಲಿ ಒಂದು ಅಳತೆ ಕೊಟ್ಟರು. ಅದರಲ್ಲಿ ಏಳು ಅಂಶಗಳಿವೆ: ನೋವು ಹತೋಟಿಯಲ್ಲಿದ್ದು ಉಸಿರಾಟ ಸರಾಗವಾಗಿದೆಯೇ, ತಿನ್ನುತ್ತದೆಯೇ, ಮೈಯಲ್ಲಿ ನೀರಿನಂಶ ಉಳಿದಿದೆಯೇ, ಮಲಮೂತ್ರದಲ್ಲೇ ಮಲಗದೆ ಶುಚಿಯಾಗಿದೆಯೇ, ಮನೆಯವರನ್ನು ಕಂಡರೆ ಬಾಲ ಅಲ್ಲಾಡಿಸುವಷ್ಟು ಸಂತೋಷವಿದೆಯೇ, ಎದ್ದು ಓಡಾಡುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ. ಒಂದೊಂದಕ್ಕೂ ಸೊನ್ನೆಯಿಂದ 10ರವರೆಗೆ ಅಂಕ. ಒಟ್ಟು 70ರಲ್ಲಿ 35ಕ್ಕಿಂತ ಹೆಚ್ಚು ಬಂದರೆ ಆರೈಕೆ ಮುಂದುವರಿಸಬಹುದು.

ಅಂಕ ಹಾಕುವುದು ಕಷ್ಟವೆನಿಸಿದರೆ ಇನ್ನೊಂದು ದಾರಿ ಇದೆ. ಒಂದು ಜುಮಾದಿಂದ ಮುಂದಿನ ಜುಮಾದವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗುರುತು, ಕೆಟ್ಟ ದಿನಕ್ಕೆ ಇನ್ನೊಂದು ಗುರುತು ಹಾಕಿ. ನಾಯಿಗೆ ದಿನವೂ ಅನ್ನ ಹಾಕುವವರು ಯಾರೋ, ಹೆಚ್ಚಾಗಿ ಮನೆಯ ಹೆಂಗಸರು, ಅವರೇ ಈ ಲೆಕ್ಕ ಇಡಲಿ. ಎರಡು ಮೂರು ವಾರ ಕೆಟ್ಟ ದಿನಗಳೇ ಹೆಚ್ಚಾದರೆ ಆ ಲೆಕ್ಕವನ್ನು ವೈದ್ಯರ ಮುಂದೆ ಇಡಿ. ಆದರೆ ಉಸಿರಿಗೆ ಒದ್ದಾಡುತ್ತಿದ್ದರೆ, ನೋವಿನಿಂದ ಬಿಡದೆ ಅರಚುತ್ತಿದ್ದರೆ ವಾರ ಎಣಿಸುತ್ತ ಕೂರಬಾರದು.

ಇಲ್ಲಿ ನಮ್ಮ ಮನಸ್ಸನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. ಬೊಗಳುವುದಿಲ್ಲ, ವಾಸನೆ ಬರುತ್ತದೆ, ಮನೆಯಲ್ಲಿ ಮದುವೆ ಇದೆ, ಬೆಂಗಳೂರಿಗೆ ಹೋಗಿ ನೆಲೆಸುತ್ತಿದ್ದೇವೆ: ಇವು ಯಾವುವೂ ಕಾರಣಗಳಲ್ಲ. ಅದರ ನೋವೊಂದೇ ಕಾರಣವಾಗಬೇಕು. ಮುಟ್ಟಿದರೆ ನಾಪಾಕ್ ಆಗುತ್ತದೆ ಎಂದು ಆರೈಕೆ ಬಿಡುವುದೂ ಸರಿಯಲ್ಲ. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಭೇದವಿದ್ದರೂ ತೊಳೆದರೆ ಕೈಯೂ ಬಟ್ಟೆಯೂ ಪಾಕ್ ಆಗುತ್ತವೆ. ಪಾತ್ರೆ ಬೇರೆ ಇಡಿ, ಗ್ಲೌಸ್ ಹಾಕಿಕೊಳ್ಳಿ, ಆರೈಕೆ ಮಾಡಿ. ರಾತ್ರಿ ಒಂಟಿಯಾಗಿ ತೋಟದಲ್ಲಿ ಕಟ್ಟಬೇಡಿ. ನಮ್ಮ ಸೀಮೆಯಲ್ಲಿ ಚಿರತೆಗೆ ಮೊದಲು ಸಿಗುವುದು ಓಡಲಾಗದ ನಾಯಿಯೇ.

ದಯಾಮರಣವನ್ನು ಪಶುವೈದ್ಯರೇ ಕೊಡಬೇಕು. ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡುವುದು ರೂಢಿ. ನಂತರ ನರಕ್ಕೆ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಲವು ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಒಂದೆರಡು ಬಾರಿ ಏದುಸಿರು ಬಂದಂತೆ ಕಾಣಬಹುದು, ಮೂತ್ರ ಹೋಗಬಹುದು. ಆಗ ಅದಕ್ಕೆ ನೋವಿರುವುದಿಲ್ಲ. ಪರಿಚಿತರೊಬ್ಬರು ತಲೆಯ ಬಳಿ ಕುಳಿತಿದ್ದರೆ ನಾಯಿ ಹೆದರುವುದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ಹೆಚ್ಚಿನ ತಪಾಸಣೆ ಬೇಕಿದ್ದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ವಿಷ ಇಡುವುದು ದಯೆಯಲ್ಲ. ಕೀಟನಾಶಕ ತಿಂದ ನಾಯಿ ಸೆಟೆದು ನಡುಗಿ ಗಂಟೆಗಟ್ಟಲೆ ನರಳಬಹುದು. ಹಾನಿಕಾರಕ ವಸ್ತು ತಿನ್ನಿಸುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಬರುವುದು ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಪ್ರಾಣಿಯನ್ನು ವಿಷವಿಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದು.

ಸತ್ತ ಮೇಲೆ ದೇಹವನ್ನು ಬಾವಿ, ಬೋರ್‌ವೆಲ್‌ಗಳಿಂದ ದೂರದಲ್ಲಿ ಆಳವಾಗಿ ಹೂಳಿ. ಔಷಧದ ಅಂಶ ದೇಹದಲ್ಲೇ ಉಳಿಯುವುದರಿಂದ, ಬಯಲಿಗೆ ಎಸೆದರೆ ತಿಂದ ನಾಯಿ, ಹದ್ದುಗಳೂ ಸಾಯಬಹುದು.

ಮಕ್ಕಳಿಂದ ಮುಚ್ಚಿಡಬೇಡಿ. 'ಓಡಿಹೋಯಿತು' ಎಂದರೆ ಅವರು ದಿನವೂ ತೋಟದಲ್ಲಿ ಹುಡುಕುತ್ತಾರೆ. ಕಾಯಿಲೆ ವಾಸಿಯಾಗುವಂತಿರಲಿಲ್ಲ, ನೋವು ಬಹಳ ಇತ್ತು ಎಂದು ನಿಜ ಹೇಳಿ. 'ದಾದಿಗೆ ನೋವಾದರೂ ಹೀಗೇ ಮಾಡುತ್ತೀರಾ?' ಎಂದು ಕೇಳಬಹುದು. ಇಲ್ಲ ಎಂದು ಖಚಿತವಾಗಿ ಹೇಳಿ. ಮನುಷ್ಯನ ಪ್ರಾಣ ಅಲ್ಲಾಹನ ಅಮಾನತ್ತು, ಅದನ್ನು ಹೀಗೆ ಕೊನೆಗೊಳಿಸುವ ಅಧಿಕಾರ ನಮಗಿಲ್ಲ. ಮನುಷ್ಯ ತನ್ನ ನೋವನ್ನು ಹೇಳಬಲ್ಲ, ಸಬರ್ ಮಾಡಬಲ್ಲ, ಅದಕ್ಕೆ ಪ್ರತಿಫಲ ಆಶಿಸಬಲ್ಲ. ಮೂಕಪ್ರಾಣಿಗೆ ಗೊತ್ತಾಗುವುದು ನೋವು ಮಾತ್ರ. ಅದರ ಪರವಾಗಿ ಯೋಚಿಸಬೇಕಾದವರು ಸಾಕಿದವರೇ.

ಅಟ್ಟದ ಕೊಬ್ಬರಿಗೆ ಲೆಕ್ಕ ಇಡುವ ನಾವು ಅದನ್ನು ಕಾದ ಜೀವದ ವಿಷಯದಲ್ಲೂ ಲೆಕ್ಕ ಕೊಡಬೇಕಾಗಿದೆ. ಕೊನೆಯ ದಿನದವರೆಗೆ ಅದರ ಹಕ್ಕನ್ನು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.